ನೀಲಗಿರಿಯ ಕಪ್ಪು ಚಹಾ: ಬಡಗರ ಹಟ್ಟಿಯಿಂದ ಅಂಧೇರಿಯ ಹೋಟೆಲಿನವರೆಗೆ

1. ಪ್ರಸ್ತಾವನೆ

ಕನ್ನಡನಾಡಿನ ಆರ್ಥಿಕ ಚರಿತ್ರೆಯನ್ನು ಕುರಿತ ಬರವಣಿಗೆಗಳಲ್ಲಿ ಕಾಫಿಗೆ ದೊರೆತ ಸ್ಥಾನ ಚಹಾಕ್ಕೆ ದೊರೆತಿಲ್ಲ. ಇದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ದೇಶದ ಕಾಫಿ ಬೆಳೆಯಲ್ಲಿ ಸಿಂಹಪಾಲು ಕರ್ನಾಟಕದ್ದು. ಚಹಾ ತೋಟಗಳಾದರೋ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರು, ಸಂಸೆ ಮೊದಲಾದ ಕಡೆಗಳಲ್ಲಿ, ಕೊಡಗಿನಲ್ಲಿ, ಹಾಸನದ ಮಲೆನಾಡಿನ ಅಂಚಿನಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳ ಒಟ್ಟು ವಿಸ್ತೀರ್ಣ ಸುಮಾರು ಎರಡು ಸಾವಿರ ಹೆಕ್ಟೇರುಗಳಷ್ಟೆ. ಆದ್ದರಿಂದ ಚಹಾವನ್ನು ಅನ್ಯರ ಬೆಳೆಯೆಂದು, ಅಸ್ಸಾಮಿನಿಂದಲೋ ಡಾರ್ಜಿಲಿಂಗಿನಿಂದಲೋ ಬರುವ ಸರಕೆಂದು ಎಣಿಸುವುದು ನಮ್ಮಲ್ಲಿ ರೂಢಿಯಾಗಿದೆ.

ರಾಜ್ಯದ ಗಡಿಯನ್ನು ಭಾಷೆಯ ಗಡಿಯೆಂದು ಭಾವಿಸದೆ ನೋಡಿದರೆ ಈ ಎಣಿಕೆ ನಿಲ್ಲಲಾರದು. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ಬಂಡೀಪುರದ ಕಾಡನ್ನು ದಾಟಿ ಘಟ್ಟವನ್ನೇರಿದರೆ ಸಿಗುವ ನೀಲಗಿರಿಯಲ್ಲಿ ಚಹಾ ಬೆಳೆಯುವ ಸಣ್ಣ ಹಿಡುವಳಿದಾರರಲ್ಲಿ ಬಹುಸಂಖ್ಯಾತರು ಬಡಗರು. ಅವರ ನುಡಿ ಕನ್ನಡಕ್ಕೆ ಅತಿ ನಿಕಟವಾದುದು. ಇನ್ನೊಂದು ತುದಿಯಲ್ಲಿ ಮುಂಬಯಿ ನಗರವಿದೆ. ಅಲ್ಲಿಯ ಉಪನಗರಗಳಲ್ಲಿ, ವಿಶೇಷವಾಗಿ ಅಂಧೇರಿಯಂತಹ ಕೈಗಾರಿಕಾ ಪ್ರದೇಶಗಳಲ್ಲಿ, ದುಡಿಯುವ ಜನರಿಗೆ ಚಹಾ ಕಾಸಿ ಕೊಟ್ಟವರಲ್ಲಿ ಕರಾವಳಿ ಕರ್ನಾಟಕದಿಂದ ಹೋದ ಹೋಟೆಲಿಗರ ಪಾಲು ಹಿರಿದು. ಒಂದು ತುದಿಯಲ್ಲಿ ಎಲೆ ಬೆಳೆಯುವವರು, ಮತ್ತೊಂದು ತುದಿಯಲ್ಲಿ ಚಹಾ ಕಾಸುವವರು. ಇಬ್ಬರೂ ಕನ್ನಡ ಪರಿಸರಕ್ಕೆ ಸೇರಿದವರು. ಆದರೂ ಇವರಿಬ್ಬರನ್ನು ಒಂದೇ ಚೌಕಟ್ಟಿನಲ್ಲಿಟ್ಟು ನೋಡುವ ಯತ್ನ ಕನ್ನಡದಲ್ಲಿ ವಿರಳವಾಗಿದೆ. ಪ್ರಸ್ತುತ ಲೇಖನದಲ್ಲಿ ನಾವು ನೀಲಗಿರಿಯ ಕಪ್ಪು ಚಹಾದ ಗುಣ, ತಯಾರಿಕೆ ಮತ್ತು ಚರಿತ್ರೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸಲು ಯತ್ನಿಸಿದ್ದೇವೆ. ಚಹಾದ ಗುಣವೆಂಬುದು ಮಣ್ಣು ಹವೆಗಳಿಂದ ಮಾತ್ರ ನಿರ್ಧಾರವಾಗುವಂಥದಲ್ಲ, ಪೇಟೆಯ ಬೇಡಿಕೆಯೂ ಯಂತ್ರವೂ ಬೆಲೆಯೂ ಕೂಡಿ ಅದನ್ನು ರೂಪಿಸಿವೆ ಎಂಬುದು ನಮ್ಮ ಮುಖ್ಯ ಪ್ರತಿಪಾದನೆ.

2. ಪದವಿಚಾರ

ಮೊದಲು ಪದಗಳ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. ಹಳೆಯ ಮೈಸೂರು ಪ್ರಾಂತದಲ್ಲಿ 'ಟೀ' ಎನ್ನುವುದನ್ನು ಉತ್ತರ ಕರ್ನಾಟಕದವರು 'ಚಹಾ' ಎನ್ನುತ್ತಾರೆ. ಕರಾವಳಿಯವರು 'ಚಾ' ಎನ್ನುತ್ತಾರೆ. ಮೂರೂ ರೂಪಗಳ ಮೂಲ ಚೀನಾದೇಶವೇ ಆಗಿದೆ. ಚೀನೀ ಭಾಷೆಯ ಹೆಚ್ಚಿನ ಉಪಭಾಷೆಗಳಲ್ಲಿ ಈ ಗಿಡದ ಹೆಸರು 'ಚಾ'. ಫೂಜಿಯನ್ ಕರಾವಳಿಯ ಆಡುನುಡಿಯಲ್ಲಿ ಅದು 'ತೆ' ಎಂದಾಗುತ್ತದೆ. ಮಕಾವಿನಲ್ಲಿ ನೆಲೆಯೂರಿದ ಪೋರ್ಚುಗೀಸರು ಮೊದಲನೆಯದನ್ನು ಎತ್ತಿಕೊಂಡರು. ಫೂಜಿಯನ್ ವರ್ತಕರೊಡನೆ ವ್ಯವಹರಿಸಿದ ಡಚ್ಚರು ಎರಡನೆಯದನ್ನು ಯೂರೋಪಿಗೆ ಒಯ್ದರು. ಇಂಗ್ಲಿಷಿನ 'ಟೀ' ಅದರಿಂದ ಬಂದುದು. ಹೀಗೆ ಕನ್ನಡದ ಪ್ರಾದೇಶಿಕ ಭೇದಗಳಲ್ಲಿ ಎರಡು ವ್ಯಾಪಾರ ಮಾರ್ಗಗಳ ಗುರುತು ಉಳಿದುಕೊಂಡಿದೆ. ಪುಡಿಯ ಹೆಸರಿನಲ್ಲಿಯೂ ಇಂಥ ಭೇದವುಂಟು. ಮೈಸೂರಿನ 'ಟೀ ಪುಡಿ' ಉಡುಪಿ ಮಂಗಳೂರುಗಳಲ್ಲಿ 'ಚಾ ಹುಡಿ'ಯಾಗಿದೆ.

'ಕಪ್ಪು ಚಹಾ' ಎಂಬ ಮಾತಿನಲ್ಲಿಯೂ ಎರಡು ಅರ್ಥಗಳು ಬೆರೆತಿವೆ. ಆಡುಮಾತಿನಲ್ಲಿ ಹಾಲು ಹಾಕದ ಚಹಾ ಎಂದೇ ಇದರ ಅರ್ಥ. ವ್ಯಾಪಾರದ ಪರಿಭಾಷೆಯಲ್ಲಿ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೊಡ್ಡಿ, ಅದರ ರಸ ಪೂರ್ತಿಯಾಗಿ ತಾಮ್ರವರ್ಣಕ್ಕೆ ತಿರುಗಿದ ಮೇಲೆ ಒಣಗಿಸಿದ ಚಹಾವನ್ನು ಕಪ್ಪು ಚಹಾ ಎನ್ನಲಾಗುತ್ತದೆ. ಹಾಲು ಬೆರೆಸಿ ಕುಡಿಯುವ ನಮ್ಮ ಹೋಟೆಲುಗಳ ಚಹಾವೂ ಈ ಅರ್ಥದಲ್ಲಿ ಕಪ್ಪು ಚಹಾವೇ. ಈ ಲೇಖನದಲ್ಲಿ ನಾವು ಬಳಸಿರುವುದು ಎರಡನೆಯ ಅರ್ಥವನ್ನು.

3. ನೀಲಗಿರಿ ಮತ್ತು ಬಡಗರು

ನೀಲಗಿರಿಗೂ ಕನ್ನಡಕ್ಕೂ ಇರುವ ಸಂಬಂಧ ಹಳೆಯದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ವಶಪಡಿಸಿಕೊಂಡ ಸಂಗತಿ ಚಾಮರಾಜನಗರದ 1117ರ ಶಾಸನದಲ್ಲಿ ಉಕ್ತವಾಗಿದೆ. ಈ ಬೆಟ್ಟಸೀಮೆಯ ಜನರನ್ನು ಹೆಸರಿಸುವ ಅತಿ ಪ್ರಾಚೀನ ಬರಹಗಳಲ್ಲಿ ಅದೂ ಒಂದು. ಮುಂದೆ ಮೈಸೂರಿನ ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟಿದ್ದ ಈ ಪ್ರದೇಶ 1799ರ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು.

ಬಡಗರೆಂದರೆ ಬಡಗಣ ದಿಕ್ಕಿನಿಂದ ಬಂದವರು. ವಿಜಯನಗರದ ಪತನಾನಂತರದ ಅರಾಜಕ ಕಾಲದಲ್ಲಿ ತಮ್ಮ ಪೂರ್ವಜರು ಮೈಸೂರು ಸೀಮೆಯಿಂದ ಬೆಟ್ಟವನ್ನೇರಿದರೆಂಬ ಐತಿಹ್ಯ ಅವರಲ್ಲಿ ಪ್ರಚಲಿತವಾಗಿದೆ. 1603ರಲ್ಲಿ ಬೆಟ್ಟಕ್ಕೆ ಬಂದ ಜೆಸ್ಯೂಟ್ ಪಾದ್ರಿ ಫೆನಿಸಿಯೊ ಆಗಲೇ ಅಲ್ಲಿ ಬಡಗರನ್ನು ಕಂಡಿದ್ದನು. ಅವರ ನುಡಿಯನ್ನು ಕೆಲವರು ಕನ್ನಡದ ಉಪಭಾಷೆಯೆಂದು, ಕೆಲವರು ಸ್ವತಂತ್ರ ದ್ರಾವಿಡ ಭಾಷೆಯೆಂದು ಪರಿಗಣಿಸಿದ್ದಾರೆ. ಎಮೆನೋ 1939ರಲ್ಲಿ ಅದರ ಸ್ವರಗಳ ವಿಶಿಷ್ಟ ಉಚ್ಚಾರಣೆಯನ್ನು ಕುರಿತು ಬರೆದರು. ಪಾಲ್ ಹಾಕಿಂಗ್ಸ್ ಮತ್ತು ಕ್ರಿಶ್ಚಿಯಾನ್ ಪಿಲೊ-ರೈಚೂರ್ ಅವರ ಬಡಗ ನಿಘಂಟು 1992ರಲ್ಲಿ ಹೊರಬಂದಿತು. ಈ ವಾದದಲ್ಲಿ ಯಾವ ಪಕ್ಷವನ್ನು ಹಿಡಿದರೂ ಹಟ್ಟಿ, ಹಬ್ಬ, ಬೆಟ್ಟ, ಹಾಲು ಮೊದಲಾದ ಪದಗಳನ್ನು ಕೇಳಿದ ಕನ್ನಡಿಗನಿಗೆ ನಿಘಂಟಿನ ನೆರವು ಬೇಕಾಗದು. 2,637 ಮೀಟರು ಎತ್ತರದ ಅತ್ಯುನ್ನತ ಶಿಖರದ ಹೆಸರು ದೊಡ್ಡಬೆಟ್ಟ. ಕೋತಗಿರಿ ಎಂಬುದು ಕೋತರ ಕೇರಿ ಎಂಬುದರ ರೂಪಾಂತರ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಂಟು ಬರವಣಿಗೆಯ ಮಟ್ಟದಲ್ಲಿಯೂ ಬಲಗೊಂಡಿತು. ಕೇತಿ ಕಣಿವೆಯಲ್ಲಿ ನೆಲೆಸಿದ ಬಾಸೆಲ್ ಮಿಶನ್ನಿನವರು ಬಡಗರ ನಡುವೆ ಬೋಧನೆಗೆ ಕನ್ನಡವನ್ನು ಬಳಸಿದರು. ಬಡಗ ನುಡಿಯ ಸುವಾರ್ತೆಯನ್ನು ಕನ್ನಡ ಲಿಪಿಯಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಆಡಳಿತ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಕಾಲಕ್ರಮದಲ್ಲಿ ಶಾಲೆಯ ಭಾಷೆ ತಮಿಳಾಯಿತು.

ಬಡಗರು ಮೊದಲಿನಿಂದಲೂ ಬೇಸಾಯಗಾರರು. ರಾಗಿ, ಸಾಮೆ, ಗೋಧಿ, ಬಾರ್ಲಿಗಳನ್ನು ಬೆಳೆದು, ಎಮ್ಮೆ ದನಗಳನ್ನು ಸಾಕಿ ಬದುಕುತ್ತಿದ್ದರು. ತೊದವರೊಡನೆ, ಕೋತರೊಡನೆ, ಕುರುಂಬರೊಡನೆ ಧಾನ್ಯ, ತುಪ್ಪ, ಮಡಕೆ, ಕಬ್ಬಿಣದ ಸಲಕರಣೆ, ಕಾಡಿನ ಉತ್ಪನ್ನಗಳ ವಿನಿಮಯ ನಡೆಯುತ್ತಿತ್ತು. ಒಂದು ಹೊಲವನ್ನು ಕೆಲವು ವರ್ಷ ಉತ್ತು, ಬಳಿಕ ಬೀಳು ಬಿಟ್ಟು, ಇನ್ನೊಂದಕ್ಕೆ ಹೋಗುವುದು ಅವರ ಪದ್ಧತಿಯಾಗಿತ್ತು. ಹಾಗೆ ಬೀಳು ಬಿಟ್ಟ ನೆಲವೇ ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ಚಹಾಗಳ ತೋಟಗಾರರ ಕಣ್ಣಿಗೆ ಒಡೆಯರಿಲ್ಲದ ಭೂಮಿಯಾಗಿ ತೋರಿತು. ನೀಲಗಿರಿಯ ಭೂಚರಿತ್ರೆಯನ್ನು ಓದುವಾಗ ಈ ಅಂಶವನ್ನು ಮರೆಯಬಾರದು.

4. ಚಹಾದ ಆಗಮನ

ಕೊಯಮತ್ತೂರಿನ ಕಲೆಕ್ಟರನಾಗಿದ್ದ ಜಾನ್ ಸಲಿವನ್ 1819ರಲ್ಲಿ ಬೆಟ್ಟವನ್ನೇರಿದ ಮೇಲೆ ಉದಕಮಂಡಲ ಆಂಗ್ಲರ ತಂಪುದಾಣವಾಗಿ ಬೆಳೆಯಿತು. 1832ರಲ್ಲಿ ಸೈನ್ಯದ ವೈದ್ಯನಾಗಿದ್ದ ಕ್ರಿಸ್ಟಿ ಎಂಬಾತ ಇಲ್ಲಿಯ ಹವೆ ಚಹಾಕ್ಕೆ ಒಗ್ಗುವುದೆಂದು ಗ್ರಹಿಸಿ ಚೀನಾದಿಂದ ಸಸಿಗಳನ್ನು ತರಿಸುವ ಏರ್ಪಾಡು ಮಾಡಿದನು. ಸಸಿಗಳು ಬರುವ ಮುನ್ನವೇ ತೀರಿಕೊಂಡನು. 1835ರಲ್ಲಿ ಕಲಕತ್ತೆಯಿಂದ ಬಂದ ಚೀನೀ ತಳಿಯ ಗಿಡಗಳನ್ನು ಕೇತಿಯ ಪ್ರಯೋಗ ಕ್ಷೇತ್ರದಲ್ಲಿ ನೆಡಲಾಯಿತು. ಸೊರಗುತ್ತಿದ್ದ ಆ ಗಿಡಗಳನ್ನು ಫ್ರೆಂಚ್ ಸಸ್ಯಶಾಸ್ತ್ರಜ್ಞ ಪೆರೊಟೆ ಉಳಿಸಿಕೊಂಡನು. 1850ರ ದಶಕದಲ್ಲಿ ಮಾನ್ ಎಂಬಾತ ಕುನ್ನೂರಿನಲ್ಲಿ ತೋಟ ಮಾಡಿದನು. ಅದೇ ದಶಕದ ಕೊನೆಯಲ್ಲಿ ತಯ್ಯಶೋಲೆ ಮತ್ತು ಡನ್‌ಸಾಂಡಲ್ ತೋಟಗಳು ತಲೆಯೆತ್ತಿದವು.

ಆದರೂ ಚಹಾ ಬಹುಕಾಲ ಕಾಫಿಯ ನೆರಳಿನಲ್ಲಿಯೇ ಇತ್ತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ದಕ್ಷಿಣ ಭಾರತದ ಕಾಫಿ ತೋಟಗಳಿಗೂ ಹಬ್ಬಿ ಅನೇಕ ತೋಟಗಾರರನ್ನು ಚಹಾದ ಕಡೆಗೆ ತಿರುಗಿಸಿತು. 1893ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಂಯುಕ್ತ ತೋಟಗಾರರ ಸಂಘ ಕಾಲಾನಂತರ ಕುನ್ನೂರನ್ನು ತನ್ನ ಕೇಂದ್ರ ಮಾಡಿಕೊಂಡಿತು. ಮೆಟ್ಟುಪಾಳ್ಯದಿಂದ ಕುನ್ನೂರಿಗೆ 1899ರಲ್ಲಿ ಹತ್ತಿದ ರೈಲು 1908ರಲ್ಲಿ ಉದಕಮಂಡಲವನ್ನು ಮುಟ್ಟಿತು. ಇದರಿಂದ ಚಹಾದ ಪೆಟ್ಟಿಗೆಗಳನ್ನು ಬೆಟ್ಟದಿಂದ ಇಳಿಸುವುದು ಸುಲಭವಾಯಿತು.

ಗ್ರಿಗ್ ಎಂಬಾತ 1880ರಲ್ಲಿ ಬರೆದ ಜಿಲ್ಲಾ ಕೈಪಿಡಿಯಲ್ಲಿ, ಫ್ರಾನ್ಸಿಸ್ 1908ರಲ್ಲಿ ಸಂಪಾದಿಸಿದ ಗೆಜೆಟಿಯರಿನಲ್ಲಿ ಚಹಾದ ಚರಿತ್ರೆ ಬಹುಮಟ್ಟಿಗೆ ಬಿಳಿಯ ತೋಟಗಾರರ ಸಾಹಸದ ಚರಿತ್ರೆಯಾಗಿದೆ. ಬಡಗರು ಅವುಗಳಲ್ಲಿ ಜನಾಂಗವರ್ಣನೆಯ ಅಧ್ಯಾಯಕ್ಕೆ ಸೇರಿದವರು. ಚಹಾದ ಅಧ್ಯಾಯಕ್ಕೆ ಸೇರಿದವರಲ್ಲ. ಆ ಕಾಲಕ್ಕೆ ಅದು ನಿಜವೂ ಆಗಿತ್ತು. ಆದರೆ ಅದೇ ವಿಭಜನೆ ಇಪ್ಪತ್ತನೆಯ ಶತಮಾನದ ಬರವಣಿಗೆಗಳಲ್ಲಿಯೂ ಮುಂದುವರಿದುದು ವಿಷಾದಕರ.

5. ಆಲೂಗಡ್ಡೆಯಿಂದ ಚಹಾಕ್ಕೆ

ಬಡಗರು ಮೊದಲು ಒಲಿದುದು ಆಲೂಗಡ್ಡೆಗೆ. ಆಂಗ್ಲರು ತಂದ ಈ ಗೆಡ್ಡೆ ಬೆಟ್ಟದ ತಂಪಿಗೆ ಚೆನ್ನಾಗಿ ಒಗ್ಗಿತು. ಕೈಗೆ ರೊಕ್ಕ ತಂದಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕೆಲವು ಬಡಗ ಕುಟುಂಬಗಳು ಚಹಾವನ್ನು ನೆಟ್ಟವಾದರೂ ಅದು ವ್ಯಾಪಕವಾಗಲಿಲ್ಲ. ಚಹಾದ ಗಿಡ ಫಲ ಕೊಡಲು ನಾಲ್ಕೈದು ವರ್ಷ ಬೇಕು. ಕೊಯ್ದ ಎಲೆಯನ್ನು ಅಂದೇ ಕಾರ್ಖಾನೆಗೆ ಮುಟ್ಟಿಸಬೇಕು. ಸ್ವಂತ ಕಾರ್ಖಾನೆಯಿಲ್ಲದ ಬೇಸಾಯಗಾರ ದೊಡ್ಡ ತೋಟಗಾರನ ಕೃಪೆಯನ್ನು ಕಾಯಬೇಕಾಗಿತ್ತು. ಮೇಲಾಗಿ 1933ರ ಅಂತರರಾಷ್ಟ್ರೀಯ ಒಪ್ಪಂದ ಬೆಲೆಗಳ ಕುಸಿತವನ್ನು ತಡೆಯಲೆಂದು ಹೊಸ ನಾಟಿಯನ್ನು ನಿರ್ಬಂಧಿಸಿತ್ತು.

ಸ್ವಾತಂತ್ರ್ಯಾನಂತರ ಎರಡು ಕಾರಣಗಳಿಂದ ಸ್ಥಿತಿ ಬದಲಾಯಿತು. ಮೊದಲನೆಯದು, 1961ರಲ್ಲಿ ನೀಲಗಿರಿಯ ಆಲೂಗಡ್ಡೆಯ ಹೊಲಗಳಲ್ಲಿ ಬೇರುಗಳನ್ನು ಹಾಳುಗೆಡವುವ ಹೊನ್ನಬಣ್ಣದ ಸೂಕ್ಷ್ಮ ಜಂತುಹುಳು ಪತ್ತೆಯಾದುದು. ಒಮ್ಮೆ ಮಣ್ಣಿಗೆ ಸೇರಿದರೆ ವರ್ಷಗಟ್ಟಲೆ ಜೀವ ಹಿಡಿದಿರುವ ಈ ಪಿಡುಗು ಆಲೂಗಡ್ಡೆಯ ಮೇಲಿನ ಭರವಸೆಯನ್ನು ಕುಂದಿಸಿತು. ಎರಡನೆಯದು, ಸಹಕಾರಿ ಚಹಾ ಕಾರ್ಖಾನೆಗಳ ಸ್ಥಾಪನೆ. 1960ರ ದಶಕದ ಆರಂಭದಲ್ಲಿ ಕುಂದೆಯಲ್ಲಿ ಇಂಥ ಮೊದಲ ಕಾರ್ಖಾನೆ ನಿಂತಿತು. 1965ರಲ್ಲಿ ಅವುಗಳ ಶಿಖರ ಸಂಸ್ಥೆಯಾಗಿ 'ಇಂಡ್ಕೊಸರ್ವ್' ಸ್ಥಾಪಿತವಾಯಿತು. ಇಂದು ಅದರ ಅಧೀನದಲ್ಲಿ 16 ಕಾರ್ಖಾನೆಗಳಿವೆ. 1963ರಲ್ಲಿ ಕುನ್ನೂರಿನಲ್ಲಿಯೇ ಚಹಾ ಹರಾಜು ಆರಂಭವಾದುದರಿಂದ ಮಾರಾಟಕ್ಕೆ ದೂರದ ಬಂದರನ್ನು ನೆಚ್ಚಬೇಕಾದ ಅಗತ್ಯ ತಗ್ಗಿತು.

ಇದೇ ಕಾಲಕ್ಕೆ ಮತ್ತೊಂದು ಜನಸಮುದಾಯವೂ ಬೆಟ್ಟಕ್ಕೆ ಬಂದಿತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಸಿಂಹಳದಿಂದ ಮರಳಿದ ತಮಿಳು ತೋಟಕಾರ್ಮಿಕರ ಪುನರ್ವಸತಿಗಾಗಿ ಸರ್ಕಾರ 1968ರಲ್ಲಿ ಆರಂಭಿಸಿದ ಚಹಾ ಯೋಜನೆ 1976ರಲ್ಲಿ 'ಟ್ಯಾಂಟೀ' ಎಂಬ ನಿಗಮವಾಯಿತು. ಹೀಗೆ ದೊಡ್ಡ ತೋಟ, ಸರ್ಕಾರಿ ತೋಟ, ಸಣ್ಣ ಹಿಡುವಳಿ ಎಂಬ ಮೂರು ಬಗೆಯ ಬೇಸಾಯಗಳು ಒಂದೇ ಬೆಟ್ಟದಲ್ಲಿ ನೆಲೆಗೊಂಡವು. ಸಣ್ಣ ಹಿಡುವಳಿದಾರರ ಸಂಖ್ಯೆ ಇಂದು ಐವತ್ತು ಸಾವಿರದ ಆಸುಪಾಸಿನಲ್ಲಿದೆ. ಅವರಲ್ಲಿ ಹೆಚ್ಚಿನವರ ಭೂಮಿ ಒಂದೆರಡು ಎಕರೆಯನ್ನು ಮೀರದು. ಸಾಮೆ ರಾಗಿಗಳ ಹೊಲಗಳು ಮರೆಯಾಗಿ ಹಟ್ಟಿಯ ಅಂಗಳದವರೆಗೂ ಚಹಾ ಬಂದುದು ಈ ಅವಧಿಯಲ್ಲಿಯೇ. ಮನೆಯ ಊಟಕ್ಕೆ ಬೇಕಾದ ಧಾನ್ಯವನ್ನು ಬೆಳೆಯುತ್ತಿದ್ದ ಸಮುದಾಯ ಮೂರು ದಶಕಗಳಲ್ಲಿ ಅಕ್ಕಿಯನ್ನು ಕೊಂಡು ತಿನ್ನುವ, ಒಂದೇ ಬೆಳೆಯ ಬೆಲೆಗೆ ಕಟ್ಟುಬಿದ್ದ ಸಮುದಾಯವಾಯಿತು.

6. ಗುಣ ಮತ್ತು ತಯಾರಿಕೆ

ನೀಲಗಿರಿಯ ಚಹಾ ಬೆಳೆಯುವುದು ಸಮುದ್ರಮಟ್ಟದಿಂದ ಸುಮಾರು ಸಾವಿರದಿಂದ ಎರಡೂವರೆ ಸಾವಿರ ಮೀಟರು ಎತ್ತರದಲ್ಲಿ. ಜೂನ್ ತಿಂಗಳಿಂದ ನೈಋತ್ಯ ಮಾರುತದ ಮಳೆ, ಅಕ್ಟೋಬರಿನಿಂದ ಈಶಾನ್ಯ ಮಾರುತದ ಮಳೆ, ಹೀಗೆ ಎರಡು ಮಳೆಗಾಲಗಳ ಲಾಭ ಅದಕ್ಕಿದೆ. ಅಸ್ಸಾಮ್, ಡಾರ್ಜಿಲಿಂಗುಗಳಲ್ಲಿ ಚಳಿಗಾಲಕ್ಕೆ ಗಿಡ ಚಿಗುರುವುದನ್ನು ನಿಲ್ಲಿಸುತ್ತದೆ. ನೀಲಗಿರಿಯಲ್ಲಿ ವರ್ಷವಿಡೀ ಕೊಯ್ಲು ನಡೆಯುತ್ತದೆ. ಎತ್ತರದ ತೋಟಗಳಲ್ಲಿ ಡಿಸೆಂಬರಿನಿಂದ ಫೆಬ್ರವರಿಯವರೆಗೆ ರಾತ್ರಿ ಹಿಮ ಬೀಳುವುದುಂಟು. ಚಳಿಯಿಂದ ನಿಧಾನವಾಗಿ ಬೆಳೆದ ಆ ಕಾಲದ ಚಿಗುರಿನಲ್ಲಿ ಪರಿಮಳದ ಅಂಶ ಸಾಂದ್ರವಾಗಿರುತ್ತದೆ. ಹಿಮಗಾಲದ ಚಹಾಕ್ಕೆ ಬಲ್ಲವರಲ್ಲಿ ವಿಶೇಷ ಬೆಲೆಯಿರುವುದು ಇದರಿಂದಲೇ.

ಬಸಿದ ನೀಲಗಿರಿ ಚಹಾದ ವರ್ಣ ಹೊಳೆಯುವ ಕಿತ್ತಳೆ ಮಿಶ್ರಿತ ಕೆಂಪು. ಹೂವನ್ನು ನೆನಪಿಸುವ ನವುರಾದ ಕಂಪು, ನಾಲಗೆಯನ್ನು ಚುರುಕುಗೊಳಿಸುವ ಒಗರು, ಹದವಾದ ಮೈ ಇವು ಅದರ ಲಕ್ಷಣಗಳು. ಆರಿದ ಮೇಲೂ ಅದು ಅಷ್ಟಾಗಿ ಮಬ್ಬಾಗುವುದಿಲ್ಲ. ಆದ್ದರಿಂದ ತಣ್ಣನೆಯ ಚಹಾಕ್ಕೆ ಅದನ್ನು ಮೆಚ್ಚುವವರುಂಟು. ಅಸ್ಸಾಮಿನ ಚಹಾದ ಗಾಢತೆ ಇದಕ್ಕಿಲ್ಲ.

ಈ ಲಕ್ಷಣಗಳು ಪೂರ್ಣವಾಗಿ ಪ್ರಕಟವಾಗುವುದು 'ಆರ್ಥೊಡಾಕ್ಸ್' ಎಂದು ಕರೆಯಲಾಗುವ ಸಾಂಪ್ರದಾಯಿಕ ವಿಧಾನದಲ್ಲಿ. ಎರಡು ಎಲೆ ಒಂದು ಕುಡಿಯನ್ನು ಕೈಯಿಂದ ಚಿವುಟಿ, ಉದ್ದನೆಯ ತಟ್ಟೆಗಳ ಮೇಲೆ ಹರಡಿ, ಗಾಳಿಯಾಡಿಸಿ ಬಾಡಿಸುತ್ತಾರೆ. ಬಾಡಿದ ಎಲೆಯನ್ನು ಯಂತ್ರದಲ್ಲಿ ಹೊಸೆದಾಗ ಜೀವಕೋಶಗಳು ಒಡೆದು ರಸ ಹೊರಬರುತ್ತದೆ. ಆ ರಸ ಗಾಳಿಯ ಆಮ್ಲಜನಕದೊಡನೆ ಸೇರಿ ಹಸಿರೆಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ವ್ಯವಹಾರದಲ್ಲಿ ಇದನ್ನು ಹುದುಗು ಬರಿಸುವುದು ಎಂದರೂ ಇಲ್ಲಿ ಯಾವ ಹುದುಗೂ ಇಲ್ಲ; ಎಲೆಯೊಳಗಿನ ಕಿಣ್ವದಿಂದ ನಡೆಯುವ ಕ್ರಿಯೆಯಿದು. ಎಲೆಯ ಪಾಲಿಫಿನಾಲುಗಳು ಥಿಯಾಫ್ಲೇವಿನ್, ಥಿಯಾರುಬಿಜಿನ್ ಎಂಬ ವಸ್ತುಗಳಾಗಿ ಮಾರ್ಪಡುತ್ತವೆ. ಮೊದಲನೆಯದರಿಂದ ಹೊಳಪು ಮತ್ತು ಚುರುಕು, ಎರಡನೆಯದರಿಂದ ಬಣ್ಣ ಮತ್ತು ಮೈ ಬರುತ್ತದೆ. ತಕ್ಕ ಹೊತ್ತಿಗೆ ಬಿಸಿಗಾಳಿಯಲ್ಲಿ ಒಣಗಿಸಿ, ತೇವವನ್ನು ನೂರಕ್ಕೆ ಮೂರರಷ್ಟಕ್ಕೆ ಇಳಿಸಿ, ಜರಡಿ ಹಿಡಿದು ದರ್ಜೆ ಮಾಡುತ್ತಾರೆ. ಒಂದು ಕಿಲೋ ಚಹಾಕ್ಕೆ ನಾಲ್ಕರಿಂದ ನಾಲ್ಕೂವರೆ ಕಿಲೋ ಹಸಿರೆಲೆ ಬೇಕು.

ಇನ್ನೊಂದು ವಿಧಾನ ಸಿ.ಟಿ.ಸಿ. 1930ರಲ್ಲಿ ಅಸ್ಸಾಮಿನ ಅಮ್ಗುರಿ ತೋಟದಲ್ಲಿ ಮೆಕರ್ಚರ್ ಎಂಬ ವ್ಯವಸ್ಥಾಪಕ ರೂಪಿಸಿದ ಯಂತ್ರದಿಂದ ಇದು ಬಂದಿತು. ಹಲ್ಲುಗಳುಳ್ಳ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತ ಎಲೆಯನ್ನು ಅರೆದು, ಹರಿದು, ಸುರುಳಿ ಮಾಡುತ್ತವೆ. ಎಲೆಯ ಕೋಶಗಳೆಲ್ಲ ಒಡೆಯುವುದರಿಂದ ಬಣ್ಣ ಬೇಗ ಬರುತ್ತದೆ, ಗಾಢವಾಗಿ ಬರುತ್ತದೆ. ಸಣ್ಣ ಕಾಳುಗಳಾಗುವುದರಿಂದ ಕಡಿಮೆ ಪುಡಿಯಲ್ಲಿ ಹೆಚ್ಚು ಲೋಟಗಳು ಸಿದ್ಧವಾಗುತ್ತವೆ. ಹಾಲು ಸಕ್ಕರೆಗಳಿಗೆ ಎದುರು ನಿಲ್ಲುವ ಕಸುವು ಅದಕ್ಕಿದೆ. ಆದರೆ ಎತ್ತರದ ಎಲೆಯಲ್ಲಿರುವ ನವುರು ಕಂಪಿನ ಬಹುಭಾಗ ಈ ಅರೆತದಲ್ಲಿ ನಷ್ಟವಾಗುತ್ತದೆ.

ನೀಲಗಿರಿಯ ಚಹಾದ ಒಳಗಿನ ಇಬ್ಬಂದಿ ಇರುವುದು ಇಲ್ಲಿಯೇ. ಬೆಟ್ಟ ಕೊಡುವುದು ಪರಿಮಳವನ್ನು. ದೇಶದ ಪೇಟೆ ಕೇಳುವುದು ಬಣ್ಣವನ್ನು. ನೀಲಗಿರಿಯ ಆರ್ಥೊಡಾಕ್ಸ್ ಚಹಾಕ್ಕೆ 2008ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಬಡಗರ ಎಲೆ ಹೋಗುವುದು ಬಹುಮಟ್ಟಿಗೆ ಸಿ.ಟಿ.ಸಿ. ತಯಾರಿಸುವ ಸಹಕಾರಿ ಕಾರ್ಖಾನೆಗಳಿಗೆ ಮತ್ತು ಎಲೆ ಕೊಳ್ಳುವ ಖಾಸಗಿ ಕಾರ್ಖಾನೆಗಳಿಗೆ. ಬೆಟ್ಟದ ಹೆಸರಿಗೆ ಬಂದ ಮಾನ್ಯತೆ ಬೆಟ್ಟದ ಹೆಚ್ಚಿನ ಬೇಸಾಯಗಾರರ ಎಲೆಯನ್ನು ಮುಟ್ಟಿಲ್ಲ.

7. ಅಂಧೇರಿಯ ಲೋಟ

ಪೇಟೆ ಬಣ್ಣವನ್ನು ಕೇಳುವುದೇಕೆ ಎಂಬುದನ್ನು ತಿಳಿಯಲು ಮುಂಬಯಿಯ ಕಡೆಗೆ ನೋಡಬೇಕು. ಸಾಷ್ಟಿ ದ್ವೀಪದ ಹಳ್ಳಿಗಳಲ್ಲೊಂದಾಗಿದ್ದ ಅಂಧೇರಿಗೆ 1860ರ ದಶಕದಲ್ಲಿ ರೈಲು ಬಂದಿತು. 1867ರಲ್ಲಿ ವಿರಾರಿನಿಂದ ಹೊರಟ ಮೊದಲ ಉಪನಗರ ಗಾಡಿಯ ನಿಲ್ದಾಣಗಳಲ್ಲಿ 'ಅಂದಾರು' ಎಂಬ ಹೆಸರಿನಲ್ಲಿ ಅದೂ ಸೇರಿತ್ತು. 1950ರಲ್ಲಿ ಅಂಧೇರಿ ಬೃಹನ್ಮುಂಬಯಿಯ ಭಾಗವಾಯಿತು. ಮರೋಳ, ಚಕಾಲಗಳ ಸುತ್ತ ಕೈಗಾರಿಕಾ ವಸಾಹತು ಬೆಳೆಯಿತು. 1973ರಲ್ಲಿ ರಫ್ತು ವಲಯವಾದ 'ಸೀಪ್ಜ್' ಆರಂಭವಾಯಿತು. ಕಾರ್ಖಾನೆ, ಚಿತ್ರೀಕರಣದ ಸ್ಟುಡಿಯೋ, ಕಚೇರಿಗಳಲ್ಲಿ ದುಡಿಯುವ ಜನ ಹೆಚ್ಚಿದಂತೆ ಅವರಿಗೆ ಅಗ್ಗದ ತಿಂಡಿ ಚಹಾಗಳನ್ನು ಒದಗಿಸುವ ಹೋಟೆಲುಗಳೂ ಹೆಚ್ಚಿದವು.

ಮುಂಬಯಿಯಲ್ಲಿ ಉಡುಪಿ ಹೋಟೆಲುಗಳ ಮೊದಲ ನೆಲೆ ಮಾಟುಂಗ. ಅಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು, ಎ. ರಾಮನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದರು. ಸ್ವಾತಂತ್ರ್ಯಾನಂತರ ನಗರ ಉತ್ತರಕ್ಕೆ ಹಬ್ಬಿದಂತೆ ಈ ಉದ್ಯಮವೂ ಅಂಧೇರಿ, ಗೋರೆಗಾಂವ್, ಬೋರಿವಲಿಗಳಿಗೆ ಹಬ್ಬಿತು. ಲೋಟ ತೊಳೆಯುವ ಹುಡುಗನಾಗಿ ಸೇರಿ, ರಾತ್ರಿಶಾಲೆಯಲ್ಲಿ ಕಲಿತು, ಗಲ್ಲಾದಲ್ಲಿ ಕುಳಿತು, ಮುಂದೆ ಸ್ವಂತ ಹೋಟೆಲು ತೆರೆದವರ ಬದುಕು ಮುಂಬಯಿ ಕನ್ನಡಿಗರ ಸಾಮಾಜಿಕ ಚರಿತ್ರೆಯ ಪರಿಚಿತ ಅಧ್ಯಾಯ.

ಉಡುಪಿ ಹೋಟೆಲು ಕಾಫಿಯ ಹೋಟೆಲೆಂದು ದಕ್ಷಿಣದಲ್ಲಿ ಹೆಸರಾಗಿದ್ದರೂ ಮುಂಬಯಿಯಲ್ಲಿ ಅದು ಚಹಾದ ಹೋಟೆಲೂ ಆಗಬೇಕಾಯಿತು. ಮರಾಠಿ ಗುಜರಾತಿ ಗಿರಾಕಿಗೆ ಚಹಾವೇ ಬೇಕು. ಈ ರುಚಿಯೂ ಅನಾದಿಯದಲ್ಲ. 1903ರ ಚಹಾ ಸುಂಕದ ಹಣದಿಂದ ನಡೆದ ಪ್ರಚಾರ ಮೊದಲ ಮಹಾಯುದ್ಧದ ಕಾಲದಲ್ಲಿ ಗಿರಣಿ ಕಾರ್ಖಾನೆಗಳನ್ನು ಹೊಕ್ಕಿತು. 1930ರ ದಶಕದ ಜಾಗತಿಕ ಮುಗ್ಗಟ್ಟಿನಲ್ಲಿ ಹೊರದೇಶದ ಪೇಟೆ ಕುಸಿದಾಗ ಊರೂರಿಗೂ ಹಬ್ಬಿತು. ಅಂಧೇರಿಗೆ ಹೊಂದಿಕೊಂಡ ಜುಹುವಿನಲ್ಲಿ 1924ರಲ್ಲಿ ವಿಶ್ರಾಂತಿ ಪಡೆದಿದ್ದ ಗಾಂಧೀಜಿ ಚಹಾದ ಚಟವನ್ನು ಒಪ್ಪಿದವರಲ್ಲ. ಅವರ ಎಚ್ಚರಿಕೆಗಿಂತ ಪ್ರಚಾರದ ಬಲವೇ ಮೇಲಾಯಿತು.

ದುಡಿಯುವವನಿಗೆ ಚಹಾ ಬರಿಯ ಪಾನೀಯವಲ್ಲ. ಹಾಲು ಸಕ್ಕರೆಗಳೊಡನೆ ಅರ್ಧ ಊಟವೂ ಹೌದು. ಪುಡಿಯನ್ನು ನೀರು ಹಾಲುಗಳಲ್ಲಿ ಕುದಿಸಿ, ಶುಂಠಿ ಏಲಕ್ಕಿಗಳನ್ನು ಜಜ್ಜಿ ಹಾಕಿ, ಲೋಟದ ಅರ್ಧದಷ್ಟು 'ಕಟಿಂಗ್' ಆಗಿ ಕೊಡುವ ರೂಢಿ ಬೆಳೆಯಿತು. ಇಷ್ಟೆಲ್ಲದರ ನಡುವೆ ಹಿಮಗಾಲದ ಹೂಗಂಪು ಉಳಿಯುವಂತಿಲ್ಲ. ಉಳಿಯಬೇಕಾದುದು ಬಣ್ಣ ಮತ್ತು ಒಗರು. ಆದ್ದರಿಂದ ಪಶ್ಚಿಮ ಭಾರತದಲ್ಲಿ ಅಸ್ಸಾಮಿನ ಸಿ.ಟಿ.ಸಿ.ಗೆ ಅಗ್ರಸ್ಥಾನ. ನೀಲಗಿರಿಯ ಪುಡಿ ಮಿಶ್ರಣಗಳೊಳಗೆ ಹೆಸರಿಲ್ಲದೆ ಸೇರಿಹೋಗುತ್ತದೆ. ಮಿಶ್ರಣವೆಂಬುದು ಹತ್ತಾರು ಬಗೆಯ ಚಹಾಗಳನ್ನು ಬೆರೆಸಿ ವರ್ಷವಿಡೀ ಒಂದೇ ರುಚಿಯನ್ನು ಕಾಯ್ದುಕೊಳ್ಳುವ ಕಲೆ. ಅದರ ಸ್ವಭಾವವೇ ಊರಿನ ಗುರುತನ್ನು ಅಳಿಸುವುದು.

ಇಲ್ಲಿ ಇನ್ನೊಂದು ಸಂಗತಿ ಗಮನಾರ್ಹ. 1903ರಿಂದ 'ರೆಡ್ ಲೇಬಲ್' ಮಾರುತ್ತ ಬಂದ ಬ್ರೂಕ್ ಬಾಂಡ್ ಸಂಸ್ಥೆ ಲಿಪ್ಟನ್ನಿನೊಡನೆ ಕೂಡಿ 1996ರಲ್ಲಿ ಹಿಂದುಸ್ತಾನ್ ಲೀವರಿನಲ್ಲಿ ವಿಲೀನವಾಯಿತು. ಇಂದಿನ ಹಿಂದುಸ್ತಾನ್ ಯುನಿಲೀವರಿನ ಪ್ರಧಾನ ಕಚೇರಿ ಇರುವುದು ಅಂಧೇರಿಯ ಚಕಾಲದಲ್ಲಿ. ಯುನಿಲೀವರ್ 2022ರಲ್ಲಿ ತನ್ನ ಜಾಗತಿಕ ಚಹಾ ವ್ಯವಹಾರದ ಬಹುಭಾಗವನ್ನು ಮಾರಿದಾಗಲೂ ಭಾರತದ ವ್ಯವಹಾರವನ್ನು ಉಳಿಸಿಕೊಂಡಿತು. ಹೀಗೆ ಪೊಟ್ಟಣದ ಚಹಾದ ಬಹುದೊಡ್ಡ ವ್ಯಾಪಾರ ಸಂಸ್ಥೆಯೂ ಕಟಿಂಗ್ ಚಹಾದ ಹೋಟೆಲೂ ಒಂದೇ ಉಪನಗರದಲ್ಲಿವೆ. ಎಲೆ ಬೆಳೆಯುವವನು ಮಾತ್ರ ಸಾವಿರ ಕಿಲೋಮೀಟರಿಗೂ ಆಚೆ ಇದ್ದಾನೆ.

8. ಬೆಲೆಯ ಪ್ರಶ್ನೆ

ನೀಲಗಿರಿಯ ಸಿ.ಟಿ.ಸಿ. ಚಹಾಕ್ಕೆ ಬಹುಕಾಲ ನೆಚ್ಚಿನ ಗಿರಾಕಿಯಾಗಿದ್ದುದು ಸೋವಿಯತ್ ಒಕ್ಕೂಟ. ರೂಪಾಯಿಯಲ್ಲಿ ನಡೆಯುತ್ತಿದ್ದ ಆ ವ್ಯಾಪಾರದಲ್ಲಿ ಪ್ರಮಾಣಕ್ಕೆ ಪ್ರಾಶಸ್ತ್ಯವಿತ್ತು. 1991ರಲ್ಲಿ ಒಕ್ಕೂಟ ಮುರಿದುಬಿದ್ದಾಗ ಆ ಏರ್ಪಾಡೂ ಮುಗಿಯಿತು. ಕೆಲವು ವರ್ಷ ಬೆಲೆಗಳು ಹೇಗೋ ನಿಂತವು. 1998ರ ಬಳಿಕ ಇಳಿಯತೊಡಗಿದವು. ಅದೇ ವರ್ಷ ಸಹಿಯಾಗಿ 2000ದಲ್ಲಿ ಜಾರಿಗೆ ಬಂದ ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ ಬೆಳೆಗಾರರ ಆತಂಕವನ್ನು ಹೆಚ್ಚಿಸಿತು. ಹಸಿರೆ‌ಲೆಯ ಬೆಲೆ ಕೊಯ್ಲಿನ ಕೂಲಿಗೂ ಸಾಲದಾದಾಗ ಹಟ್ಟಿಗಳಲ್ಲಿ ಪ್ರತಿಭಟನೆಗಳು ನಡೆದವು. ಅನೇಕ ಯುವಕರು ಕೊಯಮತ್ತೂರು ಬೆಂಗಳೂರುಗಳ ಹಾದಿ ಹಿಡಿದರು.

ಈ ಸಂದರ್ಭದಲ್ಲಿ ಸಣ್ಣ ಬೆಳೆಗಾರರ ಮೇಲೆ ಒಂದು ಆರೋಪ ಬಂದಿತು. ಅವರು ಕತ್ತರಿಯಿಂದ ಒರಟು ಎಲೆಯನ್ನು ಕೊಯ್ಯುತ್ತಾರೆ, ಆದ್ದರಿಂದ ಗುಣ ಕೆಟ್ಟು ಬೆಲೆ ಬಿದ್ದಿದೆ ಎಂಬುದು ಅದರ ಸಾರಾಂಶ. ಒರಟು ಎಲೆಯಿಂದ ಗುಣ ಕುಗ್ಗುವುದು ನಿಜವೇ. ಆದರೆ ಕಾರಣ ಕಾರ್ಯಗಳ ಅನುಕ್ರಮವನ್ನು ಇಲ್ಲಿ ಪರಿಶೀಲಿಸಬೇಕು. ಎರಡೆಲೆ ಒಂದು ಕುಡಿಯನ್ನು ಕೈಯಿಂದ ಆರಿಸಲು ಹೆಚ್ಚು ಆಳು ಬೇಕು. ಹಾಗೆ ಆರಿಸಿದ ಎಲೆಗೂ ಕತ್ತರಿಸಿದ ಎಲೆಗೂ ಕಾರ್ಖಾನೆ ಹೆಚ್ಚುಕಡಿಮೆ ಒಂದೇ ಬೆಲೆ ಕೊಟ್ಟರೆ ಯಾವ ಬೇಸಾಯಗಾರನೂ ಆರಿಸಲಾರನು. ತೂಕಕ್ಕೆ ಬೆಲೆ ಕಟ್ಟುವ ವ್ಯವಸ್ಥೆ ತೂಕವನ್ನೇ ಪಡೆಯುತ್ತದೆ. ಗುಣದ ಕುಸಿತವನ್ನು ಬೇಸಾಯಗಾರನ ಅಲಕ್ಷ್ಯವೆನ್ನುವುದಕ್ಕಿಂತ ಪೇಟೆ ಕಲಿಸಿದ ಪಾಠವೆನ್ನುವುದು ಯುಕ್ತ.

2003ರ ಚಹಾ ಮಾರಾಟ ನಿಯಂತ್ರಣ ಆದೇಶ ಹರಾಜಿನ ಬೆಲೆಯನ್ನು ಕಾರ್ಖಾನೆ ಮತ್ತು ಬೆಳೆಗಾರರ ನಡುವೆ ಹಂಚುವ ಸೂತ್ರವನ್ನು ಕೊಟ್ಟಿತು. ಆದರೆ ಹರಾಜಿನ ಬೆಲೆಯೇ ಕೆಳಗಿದ್ದಾಗ ಹಂಚಿಕೆಯಿಂದ ಆಗುವ ಉಪಕಾರ ಅಲ್ಪ. 2023ರಲ್ಲಿ ಬಡಗ ಬೆಳೆಗಾರರು ಕೋತಗಿರಿಯ ಬಳಿ ಉಪವಾಸ ಕುಳಿತು ಹಸಿರೆಲೆಗೆ ಕನಿಷ್ಠ ಬೆಂಬಲ ಬೆಲೆಯನ್ನು ಕೇಳಿದುದು ಈ ಕಾರಣದಿಂದ.

ಒಂದು ಸರಳ ಲೆಕ್ಕವನ್ನು ಇಲ್ಲಿ ಇಡಬಹುದಾಗಿದೆ. ಒಂದು ಲೋಟಕ್ಕೆ ಎರಡೂವರೆ ಗ್ರಾಂ ಪುಡಿ ಹಿಡಿದರೆ ಒಂದು ಕಿಲೋದಲ್ಲಿ 400 ಲೋಟ ಚಹಾ ಆಗುತ್ತದೆ. ಅದಕ್ಕೆ ನಾಲ್ಕೂವರೆ ಕಿಲೋ ಎಲೆ ಬೇಕೆಂದಿಟ್ಟುಕೊಂಡರೆ ಲೋಟವೊಂದರಲ್ಲಿರುವ ಹಸಿರೆಲೆ ಹನ್ನೊಂದು ಗ್ರಾಂಗಿಂತ ತುಸು ಹೆಚ್ಚು. ಹಸಿರೆಲೆಯ ಬೆಲೆ ಕಿಲೋಗೆ ಹತ್ತು ರೂಪಾಯಿ ಏರಿದರೂ ಲೋಟದ ಖರ್ಚಿನಲ್ಲಿ ಏರುವುದು ಹನ್ನೊಂದು ಪೈಸೆಯ ಆಸುಪಾಸು. ಅಂಧೇರಿಯ ಹೋಟೆಲಿಗನ ಲೆಕ್ಕದಲ್ಲಿ ಬಾಡಿಗೆ, ಅಡುಗೆ ಅನಿಲ, ಹಾಲುಗಳ ಮುಂದೆ ಇದು ಕಾಣಿಸುವ ಮೊತ್ತವೇ ಅಲ್ಲ. ಕುಂದೆಯ ಬೇಸಾಯಗಾರನಿಗೆ ಅದೇ ಹತ್ತು ರೂಪಾಯಿ ತೋಟವನ್ನು ಉಳಿಸಿಕೊಳ್ಳುವುದಕ್ಕೂ ಮಾರುವುದಕ್ಕೂ ನಡುವಿನ ಅಂತರವಾಗಬಲ್ಲುದು. ಕುಡಿಯುವವನಿಗೆ ಭಾರವಾದೀತೆಂಬ ನೆಪ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ನೀಲಗಿರಿ ಚಹಾದ ಗುಣವೆಂದು ನಾವು ಹೇಳುವುದು ಎರಡು ಬಗೆಯದು. ಬೆಟ್ಟದ ಎತ್ತರ, ಮಳೆ, ಚಳಿಗಳಿಂದ ಬಂದುದು ಒಂದಾದರೆ ಯಂತ್ರ ಮತ್ತು ಪೇಟೆಯಿಂದ ಬಂದುದು ಇನ್ನೊಂದು. ಇವೆರಡೂ ಒಂದಕ್ಕೊಂದು ವಿರುದ್ಧವಾಗಿ ಎಳೆಯುತ್ತ ಬಂದಿವೆ. ಎರಡನೆಯದಾಗಿ, 1960ರ ದಶಕದಿಂದೀಚೆಗಿನ ನೀಲಗಿರಿ ಚಹಾದ ಚರಿತ್ರೆ ಮುಖ್ಯವಾಗಿ ಬಡಗರ ಚರಿತ್ರೆ. ತೋಟಗಾರರ ಕೈಪಿಡಿಗಳಿಂದ ಮಾತ್ರ ಅದನ್ನು ಬರೆಯಲಾಗದು. ಮೂರನೆಯದಾಗಿ, ಆ ಚರಿತ್ರೆಯ ಇನ್ನರ್ಧ ಮುಂಬಯಿಯಂತಹ ನಗರಗಳ ಹೋಟೆಲುಗಳಲ್ಲಿದೆ.

ಕನ್ನಡ ಸಂಶೋಧನೆಯ ದೃಷ್ಟಿಯಿಂದ ಮುಂದೆ ಮಾಡಬೇಕಾದ ಕೆಲಸ ಬಹಳವಿದೆ. ಎಲೆ ಕೊಯ್ಯುವ, ತೂಗುವ, ಬಾಡಿಸುವ ಕೆಲಸಗಳಿಗೆ ಬಡಗ ನುಡಿಯಲ್ಲಿ ಬಳಕೆಯಾಗುವ ಮಾತುಗಳನ್ನು ಸಂಗ್ರಹಿಸಬೇಕು. ಸಾಮೆ ಕೊರಲೆಗಳ ಬೇಸಾಯಕ್ಕೆ ಸಂಬಂಧಿಸಿದ ಹಳೆಯ ಪದಗಳನ್ನು ಬಲ್ಲ ಹಿರಿಯರು ಇರುವಾಗಲೇ ಅವನ್ನೂ ದಾಖಲಿಸಬೇಕು. ಹೊಲ ಹೋದಲ್ಲಿ ಹೊಲದ ಮಾತೂ ಹೋಗುತ್ತದೆ. ಮುಂಬಯಿಯ ಹೋಟೆಲುಗಳಲ್ಲಿ ತುಳು, ಕನ್ನಡ, ಮರಾಠಿ, ಹಿಂದಿಗಳು ಬೆರೆತು ಹುಟ್ಟಿದ ವೃತ್ತಿಪದಗಳೂ ಇದೇ ಸಂಗ್ರಹಕ್ಕೆ ಸೇರಬೇಕಾದುವು. ದೇಶದಲ್ಲಿ ವರ್ಷಕ್ಕೆ ಸುಮಾರು 130 ಕೋಟಿ ಕಿಲೋಗ್ರಾಂ ಚಹಾ ತಯಾರಾಗುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಇಲ್ಲಿಯೇ ಖರ್ಚಾಗುತ್ತದೆ. ಆದ್ದರಿಂದ ಬೆಳೆಗಾರನ ಅಳಿವು ಉಳಿವುಗಳು ಲಂಡನ್ ಮಾಸ್ಕೋಗಳಲ್ಲಿ ನಿರ್ಧಾರವಾಗುತ್ತಿದ್ದ ಕಾಲ ಕಳೆದಿದೆ. ಅಂಧೇರಿಯಂತಹ ಊರುಗಳಲ್ಲಿ ಚಹಾ ಕೊಳ್ಳುವವರೂ ಕಾಸುವವರೂ ಕುಡಿಯುವವರೂ ಯಾವ ಎಲೆಗೆ ಎಷ್ಟು ಬೆಲೆ ಕೊಡುತ್ತಾರೆಂಬುದೇ ಇನ್ನು ಮುಂದೆ ಹಟ್ಟಿಯ ಬದುಕನ್ನು ನಿರ್ಧರಿಸಲಿದೆ.